ಪ್ರತಿಕ್ರಿಯೆ: ಎಲ್ಲರ ಅಸೈನ್‌ಮೆಂಟೂ ಒಂದೇ ತರಹ ಬರುತ್ತಿದ್ದರೆ
ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್ (ಸಂಶೋಧನೆಯ ಪುರಾವೆ ನೋಡಿ ಆರೈಕೆ ಮಾಡುವುದು) ಅಸೈನ್‌ಮೆಂಟನ್ನು ನಿಮ್ಮ ಬಿ.ಎಸ್ಸಿ. ನರ್ಸಿಂಗ್ ಮಕ್ಕಳು ಕಾಪಿ ಹೊಡೆಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಶಃ ಕಾರಣ ಇದು: ನೀವು ಹೇಳಿದಂತೆ ಪ್ರಶ್ನೆಯನ್ನು ಕ್ಲಾಸಿನಲ್ಲೇ ಕೊಡುತ್ತಿದ್ದೀರಿ, ಅದು ಅವರದಾಗಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಇರುವಾಗ ಒಬ್ಬೊಬ್ಬರೂ ಕಣ್ಣಾರೆ ಕಂಡ ಒಂದು ರೂಢಿಯನ್ನು ಬರೆದು ತರಲಿ. ಉದಾಹರಣೆಗೆ ಕ್ಯಾನುಲಾ, ಅಂದರೆ ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚುವ ಕೊಳವೆಯ ಬಗ್ಗೆ: "ಕ್ಯಾನುಲಾ ಚೆನ್ನಾಗೇ ಇತ್ತು, ಮೂರು ದಿನ ಆಯ್ತು ಅಂತ ತೆಗೆದು ಇನ್ನೊಂದು ಕೈಗೆ ಚುಚ್ಚಿದರು, ಯಾಕೆ?" ಇಷ್ಟು ಸಾಕು. ಆಮೇಲೆ ಅದನ್ನು ಪಿಕೋ (PICO) ಎಂಬ ನಾಲ್ಕು ಭಾಗದ ಪ್ರಶ್ನೆಯಾಗಿ ಮಾಡಿಸಿ: ರೋಗಿ ಯಾರು, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಯಾವ ಫಲಿತಾಂಶ ನೋಡುತ್ತೇವೆ.

ಪಬ್‌ಮೆಡ್‌ಗೆ (ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ದೊಡ್ಡ ಜಾಲತಾಣ) ಆಗಲೇ ಇಳಿಸಬೇಡಿ, ಮಕ್ಕಳು ಕಂಗಾಲಾಗುತ್ತಾರೆ. ಮೊದಲು ಕಾಕ್ರೇನ್‌ನ (ಒಂದೊಂದು ಪ್ರಶ್ನೆಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) ಸರಳ ಸಾರಾಂಶ ಓದಿಸಿ. ಉಚಿತ, ಮೊಬೈಲಿನಲ್ಲೇ ಸಿಗುತ್ತದೆ. ಕ್ಯಾನುಲಾ ಬಗ್ಗೆ 2019ರ ವಿಮರ್ಶೆಯಿದೆ. ದಿನ ಲೆಕ್ಕ ಹಾಕಿ ಬದಲಿಸಿದರೂ, ತೊಂದರೆ ಕಂಡಾಗ ಬದಲಿಸಿದರೂ ಫ್ಲೆಬೈಟಿಸ್‌ನಲ್ಲಿ (ರಕ್ತನಾಳದ ಉರಿಯೂತ) ಸ್ಪಷ್ಟ ವ್ಯತ್ಯಾಸವಿಲ್ಲ. ಆದರೆ ಲೆಕ್ಕ ಹಾಕಿ ಬದಲಿಸಿದರೆ ಬ್ಲಾಕ್ ಆಗುವುದು ಬಹುಶಃ ಕಡಿಮೆ. ಹೀಗೆ ಎರಡು ಕಡೆಯೂ ಮಾತಿರುವ ವಿಷಯವೇ ಕಲಿಸಲು ಒಳ್ಳೆಯದು.

ಕೊನೆಗೆ ವಾರ್ಡ್ ಸಿಸ್ಟರ್ ಎದುರು ಐದು ನಿಮಿಷ ಮಾತಾಡಿಸಿ. ಅವರು ಹೇಗೆ ತೆಗೆದುಕೊಳ್ಳುತ್ತಾರೋ ವಾರ್ಡಿನಿಂದ ವಾರ್ಡಿಗೆ ಬೇರೆ, ಹಾಗಾಗಿ ಮುಂಚೆಯೇ ಕೇಳಿಕೊಳ್ಳಿ. ಆಸ್ಪತ್ರೆಯ ಪ್ರೋಟೊಕಾಲನ್ನು ತಾವಾಗಿ ಬದಲಿಸಬಾರದೆಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ಅಂಕದ ಅರ್ಧ ಭಾಗ ಅವರು ತಂದ ಪ್ರಶ್ನೆಗೇ ಇರಲಿ.