‘ಅಂಗಡಿ’ ಎಂದರೆ ವ್ಯಾಪಾರವೋ, ಕಟ್ಟಡವೋ?

ಪ್ರಶ್ನೆ: ಅಪ್ಪ ರಾಣೆಬೆನ್ನೂರಿನಲ್ಲಿ ಸ್ವಂತ ದುಡಿಮೆಯಿಂದ ಕಟ್ಟಿದ ಕಿರಾಣಿ ಅಂಗಡಿಯನ್ನು ಅವರು ತೀರಿಕೊಂಡ ಮೇಲೆ ಅಣ್ಣ, ನಾನು ನಡೆಸುತ್ತಿದ್ದೆವು. 2019ರಲ್ಲಿ ಜಗಳವಾಗಿ ಹೊರಬಂದೆ. ಅಣ್ಣ 14 ಲಕ್ಷ ಕೊಟ್ಟ. ‘ಅಂಗಡಿಯಲ್ಲಿ ನನಗೆ ಯಾವ ಹಕ್ಕೂ ಉಳಿದಿಲ್ಲ’ ಎಂದು ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟೆ, ನೋಂದಣಿ ಆಗಿಲ್ಲ. ಈಗ ಅಂಗಡಿಯ ಜಾಗದಲ್ಲಿ ಪಾಲು ಕೇಳಿ ದಾವೆ ಹೂಡಿದ್ದೇನೆ. ಆ ಕಾಗದದ ವಿಷಯ ಎತ್ತಿಲ್ಲ, ಬೇಕಾದರೆ ಅಣ್ಣನೇ ತೋರಿಸಲಿ ಎಂದು ಸುಮ್ಮನಿದ್ದೇನೆ. ತೊಂದರೆಯಾದೀತೇ? ಅಕ್ಕ ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ, ಅವಳನ್ನು ದಾವೆಗೆ ಸೇರಿಸಿಲ್ಲ. ಅಮ್ಮ ಇಲ್ಲ.

ಉತ್ತರ: ತೊಂದರೆ ಆಗುತ್ತದೆ. ಅಣ್ಣ ಆ ಕಾಗದವನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಮೂವತ್ತು ವರ್ಷದ ವಕೀಲಿಯಲ್ಲಿ ಇಂಥ ಕಾಗದ ಕಳೆದುಕೊಂಡ ಅಣ್ಣನನ್ನು ನಾನು ಕಂಡಿಲ್ಲ!

ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಹೀಗೇ ಆಯಿತು. ವಾದಿ 1945ರಲ್ಲೇ ತನ್ನ ಸಾಹುಕಾರನಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟಿದ್ದ. ಅದನ್ನು ಮುಚ್ಚಿಟ್ಟು ಪಾಲಿನ ದಾವೆ ಹೂಡಿ ಪ್ರಾಥಮಿಕ ಡಿಕ್ರಿಯನ್ನೂ (ಯಾರಿಗೆ ಎಷ್ಟು ಪಾಲು ಎಂದು ಹೇಳುವ ಮೊದಲ ಹಂತದ ತೀರ್ಪು) ಪಡೆದ. ಇದು ನ್ಯಾಯಾಲಯಕ್ಕೇ ಮಾಡಿದ ಮೋಸ, ಇಂಥ ಡಿಕ್ರಿಗೆ ಬೆಲೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ನೀವು ವಾದಪತ್ರದ ಕೊನೆಯಲ್ಲಿ ‘ಇದೆಲ್ಲ ಸತ್ಯ’ ಎಂದು ಸಹಿ ಮಾಡಿ, ಜೊತೆಗೆ ಅಫಿಡವಿಟ್ ಕೊಟ್ಟಿದ್ದೀರಿ. ಅದನ್ನು ಮರೆಯಬೇಡಿ.

ನನಗೆ ಬೇಸರವಾದದ್ದು ಏನೆಂದರೆ, ನೀವು ಹೆದರಿ ಮುಚ್ಚಿಟ್ಟ ಕಾಗದ ಅಷ್ಟು ಹೆದರಬೇಕಾದ್ದೇ ಅಲ್ಲ. ನೀವು ಬರೆದ ಪದ ‘ಅಂಗಡಿ’. ನಮ್ಮ ಮಾತಿನಲ್ಲಿ ಅಂಗಡಿ ಎಂದರೆ ವ್ಯಾಪಾರವೂ ಹೌದು, ಕಟ್ಟಡವೂ ಹೌದು. 14 ಲಕ್ಷ ಬಂದದ್ದು ಮಾಲು, ಬಾಕಿ ವಸೂಲಿ, ವ್ಯಾಪಾರಕ್ಕಿದ್ದ ಒಳ್ಳೆಯ ಹೆಸರು (ಗುಡ್‌ವಿಲ್) ಇವುಗಳಿಗೆ ಎಂಬುದು ನಿಜವಾದರೆ ಹಾಗೆಂದೇ ಹೇಳಿ. ಆಗಿನ ಸ್ಟಾಕ್ ಪಟ್ಟಿ, ಖಾತೆ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಹುಡುಕಿಡಿ. ಜಾಗದ ಹಕ್ಕನ್ನೂ ಬಿಟ್ಟಿರಿ ಎಂದು ಅಣ್ಣ ವಾದಿಸಿದರೆ, ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರಕ್ಕೆ ನೋಂದಣಿ ಕಡ್ಡಾಯ ಎನ್ನುವ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಅಡ್ಡ ಬರುತ್ತದೆ. ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ ಆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟದೆ ಕಾಗದ ಸಾಕ್ಷ್ಯಕ್ಕೆ ಬರುವುದಿಲ್ಲ. ದಂಡ ಕಟ್ಟಿದರೂ ನೋಂದಣಿಯ ಕೊರತೆ ಹಾಗೇ ಉಳಿಯುತ್ತದೆ. ಆದರೆ ಮೊದಲೇ ಬಾಯಿಮಾತಿನಲ್ಲಿ ಆಗಿದ್ದ ಕೌಟುಂಬಿಕ ಒಪ್ಪಂದದ ನೆನಪಿನ ಪತ್ರ ಅದು, ನೋಂದಣಿ ಬೇಕಿಲ್ಲ ಎಂದು ಎದುರು ವಕೀಲರು ಪಟ್ಟು ಹಿಡಿಯುತ್ತಾರೆ. ಅದಕ್ಕೆ ಸಿದ್ಧರಾಗಿರಿ.

ಸಾಕ್ಷ್ಯದ ಅಫಿಡವಿಟ್ ಸಲ್ಲಿಸುವ ಮೊದಲೇ ವಾದಪತ್ರ ತಿದ್ದುಪಡಿಗೆ ಅರ್ಜಿ ಹಾಕಿ. ವಿಚಾರಣೆ ಶುರುವಾದರೆ ‘ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?’ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಅದೇ ಅರ್ಜಿಯೊಂದಿಗೆ ಅಕ್ಕನನ್ನೂ ಪ್ರತಿವಾದಿಯಾಗಿ ಸೇರಿಸಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರಿಗೂ ನಿಮ್ಮಷ್ಟೇ ಪಾಲು, ಅವರನ್ನು ಬಿಟ್ಟ ಪಾಲಿನ ದಾವೆ ನಿಲ್ಲುವುದಿಲ್ಲ. ಅಂದಹಾಗೆ, ಕೋರ್ಟಿನ ನೋಟಿಸ್ ದಾವಣಗೆರೆ ಮುಟ್ಟುವ ಮುಂಚೆ ಅಕ್ಕನಿಗೆ ನೀವೇ ಒಂದು ಫೋನ್ ಮಾಡಿ.