ಕೇಳಿದ್ದಕ್ಕೆ ಹೇಳ್ತೀನಿ

ಪ್ರಶ್ನೆ: 2016ರಲ್ಲಿ ತಗೊಂಡ ಲ್ಯಾಪ್‌ಟಾಪು, ವಿಂಡೋಸ್ 10 ಇದೆ. ಸರ್ವಿಸ್ ಹುಡುಗ 'ಇದರ ಕಥೆ ಮುಗೀತು ಸಾರ್, ಗುಜರಿಗೆ ಹಾಕಿ ಹೊಸದು ತಗೊಳಿ' ಅಂತಿದಾನೆ. ಬಿಲ್ ಟೈಪ್ ಮಾಡೋದು, ಮೇಲ್ ನೋಡೋದು, ರಾತ್ರಿ ಯೂಟ್ಯೂಬ್, ಇಷ್ಟೇ ನನ್ನ ಕೆಲಸ. ಏನ್ ಮಾಡ್ಲಿ?
– ಹಾರ್ಡ್‌ವೇರ್ ಅಂಗಡಿಯವರು, ಅರಸೀಕೆರೆ

ಉತ್ತರ: ನಿಮ್ದು ಮೊಳೆ, ಪೈಪು, ನಲ್ಲಿ ಮಾರೋ ಹಾರ್ಡ್‌ವೇರ್ ಅಂಗಡಿ ಅಂದ್ಕೋತೀನಿ, ಹಾಗಿದ್ರೆ ನಿಮಗೆ ನಾನು ಹೇಳೋದೇನಿದೆ, ವಾಷರ್ ಹೋಯ್ತು ಅಂತ ಯಾರಾದ್ರೂ ಬಚ್ಚಲುಮನೇನೇ ಒಡೆಸ್ತಾರಾ? ಆಗಿರೋದು ಇಷ್ಟು. ಮೈಕ್ರೋಸಾಫ್ಟ್‌ನೋರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿದ್ರು, ಅದಾದ್ಮೇಲೆ ಒಂದು ವರ್ಷ ಬರೀ ಸೆಕ್ಯೂರಿಟಿ ಅಪ್‌ಡೇಟ್ ಕೊಡೋ ಸ್ಕೀಮ್ ಇಟ್ರು. ಸರಿ 11 ಹಾಕ್ಕೊಳೋಣ ಅಂದ್ರೆ ಟಿಪಿಎಂ 2.0 ಅನ್ನೋ ಸುರಕ್ಷತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಈಚೇದು ಇರಬೇಕು, ನಿಮ್ದು 5ನೇದೋ 6ನೇದೋ ಇರುತ್ತೆ. ಅಂದ್ರೆ ಪ್ರೊಸೆಸರ್ ಸತ್ತಿಲ್ಲ, ಲಿಸ್ಟಲ್ಲಿ ಹೆಸರಿಲ್ಲ ಅಷ್ಟೇ. ಒಳಗಿರೋ ತಿರುಗೋ ಹಾರ್ಡ್‌ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಅದೂ ವಿಂಡೋಸ್ ತರ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರೇ. ಲಿನಕ್ಸ್‌ದು ಸಾಫ್ಟ್‌ವೇರ್‌ಗೆ ಒಂದು ಪೈಸೆ ಇಲ್ಲ. ಅದೂ ಮೊದ್ಲೇ ಹಾಕ್ಬೇಕು ಅಂತಿಲ್ಲ, ಪೆನ್‌ಡ್ರೈವಿಂದ ಬೂಟ್ ಮಾಡಿ ವೈಫೈ, ಪ್ರಿಂಟರ್, ಸೌಂಡು ಎಲ್ಲಾ ನಡೆಯುತ್ತಾ ನೋಡಿ, ನಡೆದ್ರೆ ಬ್ಯಾಕಪ್ ತಗೊಂಡು ಆಮೇಲೆ ಹಾಕಿ. ನಿಮ್ಮ ಬಿಲ್ಲು ಟ್ಯಾಲಿಲಿದ್ರೆ ಮಾತ್ರ ನಿಲ್ಲಿ, ಅದು ವಿಂಡೋಸ್ ಸಾಫ್ಟ್‌ವೇರು, ಲಿನಕ್ಸಲ್ಲಿ ನೇರವಾಗಿ ಓಡಲ್ಲ, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಬಳಸ್ತಿದ್ರೂ ತಲೆನೋವು. ಬರೀ ವರ್ಡು ಎಕ್ಸೆಲ್ ಬಿಲ್ಲಾದ್ರೆ ಅದೇ ಕೆಲಸ ಮಾಡೋ ಪುಕ್ಕಟೆ ಲಿಬ್ರೆ ಆಫೀಸ್ ಧಾರಾಳ ಆಯ್ತು.

ಪ್ರಶ್ನೆ: ಐಫೋನಾ ಆಂಡ್ರಾಯ್ಡಾ? ಸುತ್ತಿ ಬಳಸಿ ಹೇಳ್ಬೇಡಿ.
– ಬಿಕಾಂ ವಿದ್ಯಾರ್ಥಿ, ಮಂಡ್ಯ

ಉತ್ತರ: ಇಎಂಐ ಯಾರು ಕಟ್ತಾರೆ? ಅಪ್ಪ ಆದ್ರೆ ಆಂಡ್ರಾಯ್ಡ್ ಕಣಪ್ಪ.

ಪ್ರಶ್ನೆ: ನಾನು 2004ರಿಂದ ನುಡಿ ತಂತ್ರಾಂಶದಲ್ಲಿ ನಮ್ಮೂರಿನ ಇತಿಹಾಸ, ಹಾಡುಗಳು, ಗಾದೆಗಳನ್ನು ಟೈಪ್ ಮಾಡಿಟ್ಟಿದ್ದೇನೆ. ಈಗ ಮಗ ಕೊಡಿಸಿದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಟೋಪಿ, ಚುಕ್ಕಿ. ಎಲ್ಲ ಹೋಯಿತೇ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಏನೂ ಹೋಗಿಲ್ಲ ಮೇಷ್ಟ್ರೇ, ಗಾಬರಿಯಾಗ್ಬೇಡಿ, ಆ ಫೈಲನ್ನ ಓಪನ್ ಮಾಡಿ ಸೇವ್ ಮಾತ್ರ ಒತ್ತಬೇಡಿ, ಮೊದ್ಲು ಎರಡು ಕಡೆ ಕಾಪಿ ಮಾಡಿಡಿ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಎಲ್ಲಾ ಮಾಡ್ತಿದ್ದ ಉಪಾಯ ಏನಪ್ಪಾ ಅಂದ್ರೆ, ಕಂಪ್ಯೂಟರಿಗೆ ಗೊತ್ತಿದ್ದಿದ್ದೇ ಇಂಗ್ಲಿಷ್ ಮತ್ತೆ ಒಂದಷ್ಟು ಯುರೋಪಿನ ಅಕ್ಷರ, ಸೋ ಫೈಲಲ್ಲಿ ಅವನ್ನೇ ಇಟ್ಟು ಫಾಂಟಲ್ಲಿ ಮಾತ್ರ ಕನ್ನಡದ ಚೂರುಗಳ ಚಿತ್ರ ಬರೆದಿಡೋರು. ಫಾಂಟ್ ಇರೋ ತನಕ ಕನ್ನಡ, ಫಾಂಟ್ ಇಲ್ಲದ ಕಡೆ ಆ ಟೋಪಿ ಚುಕ್ಕಿ. ಹಾಗಂತ ಅವರನ್ನ ಬಯ್ಯೋ ಹಾಗಿಲ್ಲ. ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿಯಾದ ಯುನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ 128 ಜಾಗ ಕೊಟ್ಟಿದ್ರೂ ಸಾಮಾನ್ಯರ ಮನೆ ಕಂಪ್ಯೂಟರಲ್ಲಿ ಅದು ಸರಿಯಾಗಿ ಮೂಡೋಕೆ ಶುರುವಾಗಿದ್ದೇ ವಿಂಡೋಸ್ ಎಕ್ಸ್‌ಪಿ ಬಂದ್ಮೇಲೆ, ಅಲ್ಲೀತನಕ ಕನ್ನಡವನ್ನ ಸ್ಕ್ರೀನ್ ಮೇಲೆ ಉಳಿಸಿದ್ದು ಈ ಉಪಾಯಾನೇ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಅಮೆರಿಕದಲ್ಲಿ ಕೂತಿದ್ದ ಎಷ್ಟೋ ಜನ ಅದರಲ್ಲೇ ಅಮ್ಮನಿಗೆ ಕನ್ನಡದಲ್ಲಿ ಮೇಲ್ ಬರೆದ್ರು.

ಈಗ ನೀವು ಮಾಡ್ಬೇಕಾಗಿರೋದು ಕನ್ವರ್ಟ್. ಆಸ್ಕಿಯಿಂದ (ಆ ಹಳೇ ಉಪಾಯದ ಫೈಲನ್ನ ಹಾಗೆ ಕರೀತಾರೆ) ಯುನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ನೆಟ್ಟಲ್ಲಿ ಪುಕ್ಕಟೆ ಸಿಗ್ತವೆ. ಆದ್ರೆ ಕಣ್ಮುಚ್ಚಿ ನಂಬಬೇಡಿ, ಅರ್ಕಾವೊತ್ತು ಇರೋ ಪದಗಳನ್ನ ಒಂದ್ಸಲ ಓದಿ. ಹಳೇ ನುಡೀಲಿ 'ಧರ್ಮ' ಅಂದ್ರೆ ಧ, ಮ, ಆಮೇಲೆ ಅರ್ಕಾವೊತ್ತು, ಕಣ್ಣಿಗೆ ಕಾಣೋ ಕ್ರಮ. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಕ್ರಮ, ಧ, ಅರ್ಧ ರ, ಮ. ಈ ಅದಲುಬದಲಲ್ಲೇ ಕನ್ವರ್ಟರ್‌ಗಳು ಎಡವೋದು, ಆಮೇಲೆ ಮೂರು ಅಕ್ಷರ ಒಂದರ ಕೆಳಗೊಂದು ಬರೋ ಕಡೆ, ಮಧ್ಯದಲ್ಲಿ ಇಂಗ್ಲಿಷ್ ಪದ ಇದ್ದ ಕಡೆ (ಅದನ್ನೂ ಕನ್ನಡ ಮಾಡಿಬಿಟ್ಟಿರುತ್ತೆ, ಓದಿ ನಗಬಹುದು). ನಿಮ್ಮ ಬೆರಳಿನ ಅಭ್ಯಾಸ ಏನೂ ಬಿಡಬೇಕಾಗಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೇಲೇ ಈಗ ಯುನಿಕೋಡ್ ಟೈಪ್ ಮಾಡ್ಬಹುದು, ಲಿನಕ್ಸಲ್ಲೂ ಇದೆ.

ಇನ್ನೊಂದ್ ಮಾತು. ಪುಸ್ತಕ ಮಾಡಿಸೋಕೆ ಹೋದ್ರೆ ಡಿಟಿಪಿಯೋರು 'ಇದೆಲ್ಲಾ ಬೇಡ ಸಾರ್, ನುಡೀಲೇ ಕೊಡಿ' ಅಂತಾರೆ, ಯಾಕಂದ್ರೆ ಅವರ ಹತ್ರ ಪುಟ ಜೋಡಿಸೋಕೆ ಇನ್ನೂ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರ್ ಇರುತ್ತೆ, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಅವರಿಗೆ ಬೇಕಾದ್ದು ಅವರಿಗೆ ಕೊಡಿ, ಮೂಲ ಪ್ರತಿ ಮಾತ್ರ ಯುನಿಕೋಡ್‌ನಲ್ಲಿ ನಿಮ್ಮ ಹತ್ರಾನೇ ಇರಲಿ. ನಾಳೆ ನಿಮ್ಮ ಮೊಮ್ಮಗ 'ನಮ್ಮೂರ ಗಾದೆ' ಅಂತ ಹುಡುಕಿದ್ರೆ ಸಿಗಬೇಕಾಗಿರೋದು ಅದು.

ಪ್ರಶ್ನೆ: 1 ಟಿಬಿ ಹಾರ್ಡ್‌ಡಿಸ್ಕ್ ತಗೊಂಡೆ, ಕಂಪ್ಯೂಟರಲ್ಲಿ 931 ಜಿಬಿ ತೋರಿಸ್ತಿದೆ. 69 ಜಿಬಿ ಅಂಗಡಿಯೋನು ನುಂಗಿದ್ನಾ?
– ಒಬ್ಬ ಓದುಗರು, ಸಾಗರ

ಉತ್ತರ: ಅಂಗಡಿಯೋನು ಪಾಪ ಒಳ್ಳೇವ್ನು. ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. 1 ಟಿಬಿ ಅಂದ್ರೆ ಡಿಸ್ಕಿನೋರ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಬೈಟು, ಅದನ್ನ 1024ರಿಂದ ಮೂರು ಸಲ ಭಾಗಿಸಿ, 931 ಬರುತ್ತೆ. ಡಬ್ಬದ ಮೇಲೆ ದೊಡ್ಡದಾಗಿ ಕಾಣೋ ನಂಬರನ್ನ ಹಾಕಿರೋದಂತೂ ನಿಜ.

ಪ್ರಶ್ನೆ: ಹೊಸ 55 ಇಂಚಿನ 4ಕೆ ಟಿವಿ ತಂದಿದೀವಿ. ಅದರಲ್ಲಿ ರಾಜಕುಮಾರ್ ಸಿನಿಮಾ ಹಾಕಿದ್ರೆ ಯಾಕೋ ಧಾರಾವಾಹಿ ನೋಡಿದ ಹಾಗೆ ಇದೆ, ಹಳೇ ಟಿವೀನೇ ಚೆನ್ನಾಗಿತ್ತು ಅಂತಿದಾರೆ ನಮ್ಮತ್ತೆ.
– ಗೃಹಿಣಿ, ಮೈಸೂರು

ಉತ್ತರ: ನಿಮ್ಮತ್ತೆ ಕಣ್ಣು ಬಹಳ ಚುರುಕು, ಅಂಗಡಿಯೋರಿಗಿಂತ. ಸಿನಿಮಾ ತೆಗೆಯೋದು ಸೆಕೆಂಡಿಗೆ 24 ಫ್ರೇಮು, ಟಿವಿ ಸೆಕೆಂಡಿಗೆ 60 ಸಲವೋ ಅದಕ್ಕಿಂತ ಹೆಚ್ಚೋ ಚಿತ್ರ ಬದಲಾಯಿಸುತ್ತೆ, ಮಧ್ಯೆ ಖಾಲಿ ಬಿಡೋದ್ಯಾಕೆ ಅಂತ ಇಲ್ಲದ ಫ್ರೇಮುಗಳನ್ನ ತಾನೇ ಊಹಿಸಿ ಸೇರಿಸುತ್ತೆ, ಆಗ ಓಡಾಟ ಎಲ್ಲಾ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿ ವಿಡಿಯೋ ಕ್ಯಾಮರಾದಲ್ಲಿ ತೆಗೆದ ಸೀರಿಯಲ್ ತರ ಕಾಣುತ್ತೆ. ಇದು ಡಿಫಾಲ್ಟಾಗಿ ಆನ್ ಇರುತ್ತೆ, ಅಂಗಡೀಲಿ ಮಿಂಚಬೇಕಲ್ಲ. ಪಿಕ್ಚರ್ ಸೆಟ್ಟಿಂಗ್ಸಿಗೆ ಹೋಗಿ, ಸೋನಿ ಆದ್ರೆ ಮೋಷನ್‌ಫ್ಲೋ, ಎಲ್‌ಜಿ ಆದ್ರೆ ಟ್ರೂಮೋಷನ್, ಸ್ಯಾಮ್‌ಸಂಗ್ ಆದ್ರೆ ಆಟೋ ಮೋಷನ್ ಪ್ಲಸ್ ಅಂತಲೋ ಅದಕ್ಕೆ ಹತ್ತಿರದ ಹೆಸರಲ್ಲೋ ಇರುತ್ತೆ, ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ರೆ ಅದನ್ನೇ ಒತ್ತಿ, ಎಲ್ಲಾ ಒಂದೇ ಸಲಕ್ಕೆ ಮುಗಿಯುತ್ತೆ. ಕ್ರಿಕೆಟ್‌ಗೆ ಬೇಕಾದ್ರೆ ಆನ್ ಇಟ್ಕೊಳಿ. ಹಾಗೇ ಹಳೇ ಚೌಕಾಕಾರದ ಸಿನಿಮಾನ ಪರದೆ ತುಂಬಾ ಎಳೆದಿದ್ರೆ ಅದನ್ನೂ ಸರಿ ಮಾಡಿ, ಬಾಲಕೃಷ್ಣ, ನರಸಿಂಹರಾಜು ಎಲ್ಲಾ ಅಡ್ಡಡ್ಡ ಊದಿಕೊಂಡು ಕಾಣ್ತಾರೆ, ನನಗಂತೂ ನೋಡೋಕಾಗಲ್ಲ.

ಪ್ರಶ್ನೆ: ಡಬ್ಬಿಂಗ್ ಬಗ್ಗೆ ನಿಮ್ಮ ನಿಲುವೇನು? ಪರಾನಾ, ವಿರೋಧಾನಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಪರ. ಬೇರೆ ಭಾಷೆ ಸಿನಿಮಾನ ಕನ್ನಡಕ್ಕೆ ಡಬ್ ಮಾಡೋದು ಬೇಡ ಅಂತ 60ರ ದಶಕದಲ್ಲಿ ಅಂದಿದ್ದಕ್ಕೆ ಆಗಿನ ಕಾರಣ ಇತ್ತು, ಚಿತ್ರರಂಗ ಚಿಕ್ಕದು, ಹೊರಗಿನ ಸಿನಿಮಾ ಬಂದು ನುಂಗಿಬಿಡುತ್ತೆ ಅನ್ನೋ ಭಯ, ಹೋರಾಡಿದ ದೊಡ್ಡವರ ಬಗ್ಗೆ ನನಗೆ ಗೌರವಾನೇ ಇದೆ. ಆದ್ರೆ ಅದು ಯಾವ ಕಾನೂನಲ್ಲೂ ಬರೆದಿದ್ದಲ್ಲ, ಒಂದು ಕಟ್ಟುಪಾಡು ಅಷ್ಟೇ, 2015ರಲ್ಲಿ ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಗಾಲು ಹಾಕದ ಹಾಗೆ ನೋಡ್ಕೊಳೋ ಕಾಂಪಿಟಿಷನ್ ಕಮಿಷನ್ ಅದನ್ನ ತಪ್ಪು ಅಂದು ಫಿಲ್ಮ್ ಚೇಂಬರ್ ಸೇರಿದ ಹಾಗೆ ಕೆಲವು ಸಂಘಗಳಿಗೆ ದಂಡಾನೂ ಹಾಕ್ತು. ಅಷ್ಟು ವರ್ಷ ಆಗಿದ್ದೇನು ಗೊತ್ತಾ, ನಾವು ಬೇರೆ ಭಾಷೆ ಸಿನಿಮಾ ನೋಡೋದೇನೂ ಬಿಡಲಿಲ್ಲ, ಆ ಭಾಷೇಲೇ ನೋಡೋದು ಕಲಿತ್ವಿ. ಮಕ್ಕಳು ಕಾರ್ಟೂನ್ ನೋಡಿ ಹಿಂದೀಲಿ ಜಗಳ ಆಡೋದು ಕಲಿತ್ರು. 2018ರಲ್ಲಿ ಕೆಜಿಎಫ್ ಹಿಂದಿ, ತೆಲುಗಿಗೆಲ್ಲಾ ಡಬ್ ಆಗಿ ಹೋದಾಗ ಚಪ್ಪಾಳೆ ತಟ್ಟಿದ ನಾವು ಅದೇ ದಾರೀಲಿ ವಾಪಸ್ ಬರೋರನ್ನ ತಡೆಯೋದು ಹೇಗೆ ಹೇಳಿ. ನನ್ನ ತಕರಾರು ಬೇರೆ, ಡಬ್ ಮಾಡೋ ಕನ್ನಡ. ವಿಲನ್ನು ಕತ್ತಿ ಹಿಡ್ಕೊಂಡು 'ನಾನು ನಿನ್ನನ್ನು ಬಿಡುವುದಿಲ್ಲ' ಅಂತ ವಾರ್ತೆ ಓದಿದ ಹಾಗೆ ಹೇಳ್ತಾನೆ, ಯಾವ ಊರಲ್ಲಪ್ಪಾ ಹೀಗೆ ಬಯ್ಯೋದು? ಒಳ್ಳೇ ಸಂಭಾಷಣೆ ಬರೆಯೋರಿಗೆ ದುಡ್ಡು ಕೊಡಿ, ಹೀರೋ ಕಟೌಟಿಗೆ ಹಾಕೋ ಹೂವಿನ ದುಡ್ಡಲ್ಲಿ ಸ್ವಲ್ಪ ಸಾಕು. ನೀವು ಮಾಡಬಹುದಾದ್ದು ಏನಂದ್ರೆ ಓಟಿಟೀಲಿ ಆಡಿಯೋ ಲಿಸ್ಟಲ್ಲಿ ಕನ್ನಡ ಇದ್ರೆ ಒತ್ತಿ ನೋಡಿ, ಒತ್ತೋರೇ ಇಲ್ಲ ಅಂದ್ರೆ ಅವರೂ ಯಾಕೆ ಮಾಡಿಸ್ತಾರೆ.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ ದುಡ್ಡು ಕೊಟ್ಟು 'ಖರೀದಿ' ಮಾಡಿದ ಸಿನಿಮಾ ಯಾವತ್ತೂ ನಮ್ದೇ ತಾನೇ?
– ಬ್ಯಾಂಕ್ ನೌಕರರು, ಉಡುಪಿ

ಉತ್ತರ: ಅಲ್ಲ. ನೀವು ಬ್ಯಾಂಕಿನವರು, ಷರತ್ತುಗಳ ಚಿಕ್ಕ ಅಕ್ಷರ ನಿಮಗಿಂತ ಚೆನ್ನಾಗಿ ಯಾರು ಓದ್ತಾರೆ, ಅಲ್ಲಿರೋದು ನೋಡೋಕೆ ಪರವಾನಗಿ ಅಂತ. 2009ರಲ್ಲಿ ಅಮೆಜಾನ್‌ನೋರು ಹಕ್ಕಿನ ತಕರಾರು ಬಂತು ಅಂತ ಜನ ದುಡ್ಡು ಕೊಟ್ಟು ತಗೊಂಡಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನ ಅವರ ಕಿಂಡಲ್‌ಗಳಿಂದಲೇ (ಇ-ಪುಸ್ತಕ ಓದೋ ಯಂತ್ರ) ಅಳಿಸಿಹಾಕಿದ್ರು, ದುಡ್ಡು ವಾಪಸ್ ಕೊಟ್ರು ಅನ್ನಿ, ಆದ್ರೂ ಎಲ್ಲರ ಮೇಲೂ ಕಣ್ಣಿಟ್ಟು ಹಳೇ ಬರಹ ಅಳಿಸೋ ಸರ್ಕಾರದ ಕಥೆ '1984' ಬರೆದ ಆರ್ವೆಲ್ಲೇ ಸಿಗಬೇಕಿತ್ತಾ! ಬಹಳ ಇಷ್ಟದ ಸಿನಿಮಾ ಇದ್ರೆ ಡಿವಿಡಿ ಹುಡುಕಿ ತಗೊಳಿ.

ಪ್ರಶ್ನೆ: ಕಂಪನಿಗಳು ಎಸ್‌ಎಂಎಸ್ ಯಾಕೆ ಕನ್ನಡದಲ್ಲಿ ಕಳಿಸಲ್ಲ?
– ಆಟೋ ಚಾಲಕರು, ದಾವಣಗೆರೆ

ಉತ್ತರ: ಅರ್ಧ ಸೋಮಾರಿತನ, ಅರ್ಧ ದುಡ್ಡು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದ್ರೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಬಂತು ಅಂದ್ರೆ 70ಕ್ಕೆ ಇಳಿಯುತ್ತೆ. ಅದರಲ್ಲೂ 'ಸ್ತ್ರೀ' ಅನ್ನೋ ಒಂದೇ ಅಕ್ಷರಕ್ಕೆ 6 ಜಾಗ. ಒಂದು ಮೆಸೇಜ್ ಎರಡು ಮೂರಾಗುತ್ತೆ, ಲಕ್ಷಗಟ್ಟಲೆ ಕಳಿಸೋರಿಗೆ ಬಿಲ್ಲೂ ಹಂಗೇ. ಆದ್ರೆ ಸಿಲಿಂಡರ್ ಬಂತಾ ಇಲ್ವಾ ಅನ್ನೋದು ಗಿರಾಕಿಗೆ ಅರ್ಥ ಆಗದೆ ಇದ್ರೆ ಆ ಉಳಿಸಿದ ದುಡ್ಡು ಯಾವ ಲಾಭ?

ಪ್ರಶ್ನೆ: ನಮ್ಮ ಮಾವನೋರಿಗೆ ವಿಡಿಯೋ ಕಾಲ್ ಬಂದಿತ್ರಿ. ಪೊಲೀಸ್ ಡ್ರೆಸ್ ಹಾಕ್ಕೊಂಡಾವ ನಿಮ್ಮ ಹೆಸರಿನ ಪಾರ್ಸಲ್‌ನ್ಯಾಗ ಡ್ರಗ್ಸ್ ಸಿಕ್ಕಾವ, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡೀವಿ, ಫೋನ್ ಇಡಬ್ಯಾಡ್ರಿ ಅಂದ. ಹಿಂಗೆಲ್ಲಾ ಇರ್ತೈತೇನ್ರಿ?
– ಒಬ್ಬ ಸಹೋದರಿ, ಹುಬ್ಬಳ್ಳಿ

ಉತ್ತರ: ಇಲ್ಲಕ್ಕಾ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ದೇಶದ ಯಾವ ಕಾನೂನಲ್ಲೂ ಇಲ್ಲ, ಯಾವ ಪೊಲೀಸರೂ ಸಿಬಿಐನೋರೂ ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡಲ್ಲ, ದುಡ್ಡು 'ವೆರಿಫೈ' ಮಾಡೋಕೆ ಅಕೌಂಟಿಗೆ ಹಾಕಿ ಅನ್ನಲ್ಲ. ಕಟ್ ಮಾಡಿ, ಅಷ್ಟೇ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಆ ದುಡ್ಡನ್ನ ದಾರೀಲಿ ತಡೆಯೋ ಅವಕಾಶ ಅಷ್ಟು ಜಾಸ್ತಿ. ಇನ್ನೊಂದು, ಯುಪಿಐಲಿ ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದ್ರೆ ನಿಮ್ಮದು ಹೋಗ್ತಿದೆ ಅಂತ. ಇದಕ್ಕೆ ಬೀಳೋರಲ್ಲಿ ಡಾಕ್ಟ್ರು, ಇಂಜಿನಿಯರ್, ನಿವೃತ್ತ ಅಧಿಕಾರಿಗಳೆಲ್ಲಾ ಇದಾರೆ, ದಡ್ಡತನ ಅಲ್ಲ ಅದು, ನಮಗೆ ಖಾಕಿ ಕಂಡ್ರೆ ಎದುರು ಪ್ರಶ್ನೆ ಕೇಳೋ ಅಭ್ಯಾಸಾನೇ ಇಲ್ಲ, ಕಳ್ಳರು ಅದನ್ನ ಚೆನ್ನಾಗಿ ತಿಳ್ಕೊಂಡಿದಾರೆ. ಮಾವನೋರನ್ನ ಯಾರೂ ಗೇಲಿ ಮಾಡ್ಬೇಡಿ, ಗೇಲಿ ಮಾಡಿದ್ರೆ ಮುಂದಿನ ಸಲ ಕಾಲ್ ಬಂದಾಗ ನಿಮಗೆ ಹೇಳೋದೇ ಇಲ್ಲ.

ಪ್ರಶ್ನೆ: ಮಗಳು 9ನೇ ಕ್ಲಾಸು, ಕನ್ನಡ ಪ್ರಬಂಧಾನೂ ಚಾಟ್‌ಜಿಪಿಟೀಲಿ ಬರೆಸ್ತಾಳೆ. ಬಂದ್ ಮಾಡಿಸ್ಲಾ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಬಂದ್ ಮಾಡೋಕಾಗಲ್ಲ, 2022ರ ನವೆಂಬರಲ್ಲಿ ಚಾಟ್‌ಜಿಪಿಟಿ ಬಂದಾಗಲೇ ಆ ಬಾಗಿಲು ತೆರೆದಾಯ್ತು. ಅದರ ಬದಲು ಅವಳ ಜೊತೆ ಕೂತು ಒಂದು ಆಟ ಆಡಿ. ಇಂಟರ್ನೆಟ್ಟಲ್ಲಿ ಹುಡುಕದೆ, ಮಳೆ ಬಗ್ಗೆ ಅಕ್ಕಮಹಾದೇವಿಯ ಐದು ವಚನ ಕೊಡು ಅಂತ ಕೇಳಿ. ಅದು ಓದಿಕೊಂಡಿರೋದು ನೆಟ್ಟಲ್ಲಿ ಸಿಕ್ಕಿದ್ದನ್ನ, ಅಲ್ಲಿ ಇಂಗ್ಲಿಷ್ ಮುಂದೆ ಕನ್ನಡ ಬಹಳ ಕಮ್ಮಿ, ಗೊತ್ತಿಲ್ಲ ಅನ್ನೋ ಬದಲು ಎಷ್ಟೋ ಸಲ ಹೊಂದೋ ಹಾಗೆ ಮುಂದಿನ ಪದ ಪೋಣಿಸ್ತಾ ಹೋಗುತ್ತೆ. ಲಯ ಇರುತ್ತೆ, ಕೊನೇಲಿ ಚೆನ್ನಮಲ್ಲಿಕಾರ್ಜುನ ಅಂತ ಅಂಕಿತಾನೂ ಇರುತ್ತೆ, ಅಕ್ಕ ಮಾತ್ರ ಅದನ್ನ ಬರೆದಿರಲ್ಲ. ಆಮೇಲೆ ವಚನ ಸಂಚಯ ಜಾಲತಾಣದಲ್ಲಿ ಆ ಸಾಲಿನ ಒಂದೊಂದು ಪದ ಹಾಕಿ ಮಗಳ ಕೈಲೇ ಹುಡುಕಿಸಿ, ಯಾವ್ದು ನಿಜ ಯಾವ್ದು ಮಷೀನ್ ಕಟ್ಟಿದ್ದು ಅಂತ ಅವಳೇ ಹಿಡೀತಾಳೆ, ಹಿಡಿಯೋಕೆ ಹೋಗಿ ಒಂದಿಪ್ಪತ್ತು ನಿಜವಾದ ವಚನ ಓದಿರ್ತಾಳೆ. ಪ್ರಬಂಧಾನೂ ಅಷ್ಟೇ, ಮೊದ್ಲು ಇವಳು ಬರೀಲಿ, ತಪ್ಪು ಹುಡುಕೋ ಕೆಲಸ ಅದಕ್ಕಿರಲಿ. ಮೊದಲ ಸಾಲೇ 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗಿದ್ರೆ ಮಾತ್ರ ಮುಲಾಜಿಲ್ಲದೆ ಹೊಡೆದು ಹಾಕಿಸಿ, ಮಷೀನ್ ಬರೆದಿರಲಿ, ಟ್ಯೂಷನ್ ಮೇಷ್ಟ್ರು ಬರೆಸಿರಲಿ.