ಪ್ರಶ್ನಿಸಿದರೆ ಶಾಪ ತಟ್ಟುತ್ತದೆಯೇ?

ಹಾವೇರಿ ಜಿಲ್ಲೆಯ ಸಹೋದರಿಯೊಬ್ಬರ ಪತ್ರದ ಸಾರ: ತಂದೆ ತೀರಿಕೊಂಡ ಮೇಲೆ ನನ್ನ ತಾಯಿ ನಮ್ಮ ಕ್ರೈಸ್ತ ಸಭೆಯನ್ನು ಬಿಟ್ಟು ಊರಾಚೆಯ ಪ್ರಾರ್ಥನಾ ಮಂದಿರವೊಂದಕ್ಕೆ ಹೋಗತೊಡಗಿದರು. ಅವರ ಮಧುಮೇಹ ವಾಸಿಯಾಗಿದೆ ಎಂದು ಅಲ್ಲಿನ ಬೋಧಕರು ಪ್ರವಾದಿಸಿದ್ದಾರೆ. ಇನ್ನು ಇನ್ಸುಲಿನ್ ತೆಗೆದುಕೊಂಡರೆ ಅವಿಶ್ವಾಸವಂತೆ. ತಾಯಿ ತಮ್ಮ ಬಳೆಗಳನ್ನೂ ಕಾಣಿಕೆಯಾಗಿ ಕೊಟ್ಟಿದ್ದಾರೆ. ನಾನು ಕೇಳಲು ಹೋದಾಗ ಬೋಧಕರು "ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು" ಎಂಬ ವಚನ ತೋರಿಸಿ, ಶಾಪ ತಟ್ಟುತ್ತದೆ ಎಂದರು. ತೀರ್ಪುಮಾಡಬೇಡಿರಿ ಎಂದು ಯೇಸುವೇ ಹೇಳಿದ್ದಾರಲ್ಲವೇ? ನಾನೇನು ಮಾಡಲಿ?

ಪ್ರಿಯ ಸಹೋದರಿ,

ವಚನಗಳ ಚರ್ಚೆ ಆಮೇಲೆ. ಮೊದಲು ತಾಯಿಯವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ, ಇವತ್ತೇ. ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಮುಳುವಾಗಬಹುದು. ಔಷಧಿ ತೆಗೆದುಕೊಂಡರೆ ದೇವರು ಮುನಿಯುತ್ತಾನೆಂದು ಅವರು ಅಂಜಿದರೆ ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳನ್ನು ಓದಿ ಹೇಳಿ. ಎಷ್ಟೋ ರೋಗಿಗಳನ್ನು ಗುಣಪಡಿಸಿದ ಪೌಲನೇ ತನ್ನ ಜೊತೆಗಾರನಾದ ತ್ರೊಫಿಮನನ್ನು ಕಾಯಿಲೆಯ ಸ್ಥಿತಿಯಲ್ಲಿ ಮಿಲೇತ ಪಟ್ಟಣದಲ್ಲಿ ಬಿಟ್ಟು ಬರಬೇಕಾಯಿತು. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದನೇ ಹೊರತು ನಿನ್ನ ನಂಬಿಕೆ ಸಾಲದು ಎನ್ನಲಿಲ್ಲ. ರೋಗದಿಂದ ಸಾಯುವಂತಿದ್ದ ಅರಸ ಹಿಜ್ಕೀಯನ ಆಯುಷ್ಯಕ್ಕೆ 15 ವರ್ಷ ಸೇರಿಸುತ್ತೇನೆಂದು ದೇವರೇ ಮಾತು ಕೊಟ್ಟಾಗಲೂ ಪ್ರವಾದಿಯಾದ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಹಣ್ಣುಗಳ ಉಂಡೆಯನ್ನು ಇಡಿಸಿದನು.

ಇನ್ನು ಆ ವಚನ. ಅದು 105ನೆಯ ಕೀರ್ತನೆಯದು. ಅಲ್ಲಿ ಅಭಿಷೇಕ ಹೊಂದಿದವರು ಯಾರು? ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮನ ಕುಟುಂಬ. ಎಚ್ಚರಿಕೆ ಹೋದದ್ದು ಅವರಿಗೆ ಕೇಡು ಮಾಡಬಲ್ಲ ಅರಸರಿಗೆ. ಹೆಂಡತಿಯನ್ನು ತಂಗಿಯೆಂದು ಹೇಳಿ ಅಬ್ರಹಾಮನು ಮೋಸ ಮಾಡಿದಾಗ ಗೆರಾರಿನ ಅರಸನಾದ ಅಬೀಮೆಲೆಕನು ಅವನನ್ನು ಕರೆಸಿ, ನಮಗೆ ಹೀಗೇಕೆ ಮಾಡಿದೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದನು (ಆದಿಕಾಂಡ 20). ಶಾಪ ತಟ್ಟಲಿಲ್ಲ. ಅಬ್ರಹಾಮನು ಉತ್ತರ ಕೊಟ್ಟನು, ಆ ಅರಸನ ಮನೆಯವರಿಗಾಗಿ ಪ್ರಾರ್ಥನೆಯನ್ನೂ ಮಾಡಿದನು. ಬಡ ಅಲೆಮಾರಿಗಳಿಗೆ ದೇವರು ಕೊಟ್ಟ ರಕ್ಷಣೆಯನ್ನು, ವಿಧವೆಯೊಬ್ಬರ ಬಳೆ ಇಸಿದುಕೊಂಡವರು ತಮಗೆ ಕವಚ ಮಾಡಿಕೊಳ್ಳುವುದು ನನಗಂತೂ ಅಸಹ್ಯವೆನಿಸುತ್ತದೆ.

ತೀರ್ಪುಮಾಡಬೇಡಿರಿ ಎಂಬ ಮಾತು ಮತ್ತಾಯ 7ರ ಮೊದಲ ವಚನ. ಅದೇ ಅಧ್ಯಾಯದ 15ನೆಯ ವಚನದಲ್ಲಿ ಸುಳ್ಳು ಪ್ರವಾದಿಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದೂ ಇದೆ. ಕಣ್ಣಲ್ಲಿ ತೊಲೆ ಇಟ್ಟುಕೊಂಡು ಪರರ ಕಣ್ಣಿನ ರವೆ ಹುಡುಕುವುದು ಬೇರೆ. ಫಲ ನೋಡಿ ಮರ ಯಾವುದೆಂದು ತಿಳಿಯುವುದು ಬೇರೆ. ಬೆರೋಯ ಎಂಬ ಊರಿನವರು ಪೌಲನ ಬೋಧನೆಯನ್ನೇ ದಿನಾಲೂ ಶಾಸ್ತ್ರಗ್ರಂಥಗಳೊಂದಿಗೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನು ಅವರನ್ನು ಹೊಗಳಿದ್ದಾನೆ.

"ಆದರೆ ಅವರು ಹೇಳಿದ್ದು ನಡೆಯಿತಲ್ಲ" ಎಂದು ತಾಯಿಯವರು ಹೇಳಬಹುದು. ಧರ್ಮೋಪದೇಶಕಾಂಡ 13 ಅದನ್ನು ಮೊದಲೇ ಊಹಿಸಿದೆ: ಪ್ರವಾದಿ ಹೇಳಿದ ಸೂಚಕಕಾರ್ಯ, ಅಂದರೆ ಪವಾಡ, ನಿಜವಾಗಿಯೇ ನಡೆದರೂ ಅವನು ಜನರನ್ನು ದೇವರಿಂದ ದೂರ ಸೆಳೆದರೆ ಕಿವಿಗೊಡಬಾರದು. ಆದ್ದರಿಂದ ಪವಾಡವನ್ನು ಅಳೆಯುತ್ತ ಕೂರಬೇಡಿ, ಹಣವನ್ನು ನೋಡಿ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ 'ದಿದಾಖೆ' ಎಂಬ ಆದಿಸಭೆಯ ಕೈಪಿಡಿ ಈ ವಿಷಯದಲ್ಲಿ ಬಲು ಖಡಕ್ಕು. ಸಂಚಾರಿ ಬೋಧಕನು ಹೆಚ್ಚೆಂದರೆ ಎರಡು ದಿನ ತಂಗಬಹುದು, ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಆತ್ಮದ ಹೆಸರಿನಲ್ಲಿ ತನಗಾಗಿ ಹಣ ಕೇಳುವವನ ಮಾತು ಕೇಳಬಾರದು. ಬೇರೆ ಬಡವರಿಗಾಗಿ ಕೇಳಿದರೆ ಅವನಿಗೆ ಯಾರೂ ತೀರ್ಪುಮಾಡಬಾರದು. ಪೌಲನಾದರೋ ಯೆರೂಸಲೇಮಿನ ಬಡವರಿಗೆ ಎತ್ತಿದ ಹಣವನ್ನು ಒಯ್ಯುವಾಗ, ಯಾರೂ ತಪ್ಪು ಹೊರಿಸದಿರಲೆಂದು ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡನು (2 ಕೊರಿಂಥ 8). ಇಂದು ಹೆಸರು ಮಾಡಿದ ದೊಡ್ಡ ಸಭೆಗಳಲ್ಲೂ ಲೆಕ್ಕ ಕೇಳಿದವರನ್ನು ಕೆಕ್ಕರಿಸಿ ನೋಡುವುದುಂಟು, ಅದು ಬೇರೆ ಮಾತು.

ತಪ್ಪು ಕಲಿಸಿದವರೆಲ್ಲರೂ ಸುಳ್ಳು ಬೋಧಕರಲ್ಲ. ಆದಿಸಭೆಯ ಬೋಧಕನಾದ ಅಪೊಲ್ಲೋಸನಿಗೆ ಸ್ನಾನಿಕ ಯೋಹಾನನ ದೀಕ್ಷಾಸ್ನಾನದಾಚೆಗೆ ಗೊತ್ತಿರಲಿಲ್ಲ. ವಿಶ್ವಾಸಿ ದಂಪತಿಗಳಾದ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಬಳಿಗೆ ಕರೆದುಕೊಂಡು ತಿದ್ದಿದರು, ಅವನು ತಿದ್ದಿಸಿಕೊಂಡನು. ನಿಮ್ಮ ಊರಿನ ಬೋಧಕರಿಗೆ ಅಂಥ ಒಂದು ಅವಕಾಶವನ್ನು ನೀವು ಆಗಲೇ ಕೊಟ್ಟಿರಿ. ಉತ್ತರವಾಗಿ ಬಂದದ್ದು ಶಾಪ. ಇನ್ನು ಒಬ್ಬರೇ ಹೋಗಬೇಡಿ, ನಿಮ್ಮ ಸಭಾಪಾಲಕರನ್ನೂ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ.

ತಾಯಿಯವರೊಂದಿಗೆ ವಾದಕ್ಕೆ ಇಳಿಯಬೇಡಿ. ಸಂಶಯದಲ್ಲಿರುವವರನ್ನು ಕರುಣಿಸಿರಿ ಎಂದು ಯೂದನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಅವರು ಮೋಸಹೋದದ್ದು ದಡ್ಡತನದಿಂದಲ್ಲ. ತಂದೆಯವರು ತೀರಿಕೊಂಡ ಮೇಲೆ ನಿಮ್ಮ ಸಭೆಯವರು ಎಷ್ಟು ಮಂದಿ ಮನೆಗೆ ಬಂದು ಕುಳಿತು ಮಾತಾಡಿದರು? ಆ ಮಂದಿರದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿದ್ದಾರೆ. ನಿಮ್ಮ ಸಭೆಯ ಹೆಂಗಸರು ವಾರಕ್ಕೊಮ್ಮೆ ಹೋಗಿ ಅವರೊಂದಿಗೆ ಪ್ರಾರ್ಥಿಸಲಿ. ಬಳೆಯ ಮಾತು ಎತ್ತುವುದು ಬೇಡ.

ಬೋಧಕರ ಹೆಸರನ್ನು ನೀವು ಬರೆದಿದ್ದೀರಿ, ನಾವು ಅಚ್ಚು ಮಾಡಿಲ್ಲ. ಅಂಜಿಕೆಯಿಂದಲ್ಲ. ಸಭೆಯ ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಒಪ್ಪಬೇಡ ಎಂದು ತಿಮೊಥೆಯನಿಗೆ ಹೇಳಿದ ಮಾತು (1 ತಿಮೊಥೆಯ 5:19) ಪತ್ರಿಕೆಗೂ ಸಲ್ಲುತ್ತದೆ. ಅಲ್ಲಿ ಔಷಧಿ ಬಿಟ್ಟವರು, ಒಡವೆ ಕೊಟ್ಟವರು ಬೇರೆ ಯಾರಾದರೂ ಇದ್ದರೆ ಸಹಿ ಹಾಕಿ ನಮಗೆ ಬರೆಯಲಿ. ಬೋಧಕರಿಗೂ ಉತ್ತರಿಸಲು ಇದೇ ಪುಟದಲ್ಲಿ ಜಾಗ ಕೊಡುತ್ತೇವೆ.

– ಸಂಪಾದಕ